ದೀಪದ ಸುತ್ತ ಬಳೆ

ಆ ಸೀರೆಯನ್ನು ಈಗ ಹಳೆಯ ಪಂಚೆಯೊಂದರಲ್ಲಿ ಸುತ್ತಿ ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇನೆ. ಉಡುವುದಿಲ್ಲ, ಮಾರುವುದಿಲ್ಲ, ಯಾರಿಗೂ ತೋರಿಸುವುದೂ ಇಲ್ಲ. ಚೆನ್ನಾಗಿಲ್ಲವೆಂದಲ್ಲ. ನಾನು ಕಂಡ ಸೀರೆಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಅದನ್ನು ನೇಯ್ದ ಹೆಂಗಸಿನ ಕಣ್ಣು ಹಾಳಾಗುತ್ತಿದೆ ಎಂಬ ಸುದ್ದಿ ಆ ಸೀರೆಯ ಮೈತುಂಬ ಇತ್ತು. ನಾನು ಅದನ್ನು ಎರಡು ಕೈಯಲ್ಲಿ ಹಿಡಿದು ನೋಡಿ ಭೇಷ್ ಎಂದೆ. ಇಂಥವೇ ಇನ್ನೂ ನಾಲ್ಕು ನೇಯಿ ಎಂದೆ. ಹೇಗೆ ಹಾಗೆಂದೆ ಎಂಬುದನ್ನು ಒಂದು ಸಲ ಸರಿಯಾಗಿ ಬರೆದಿಡಬೇಕು ಅನ್ನಿಸಿದೆ.

ನಮ್ಮದು ಚಳ್ಳಕೆರೆಯಲ್ಲಿ ಎಣ್ಣೆ ವ್ಯಾಪಾರದ ಮನೆ. ಮಿಲ್ಲು ನಿಂತು ಬಹಳ ವರ್ಷಗಳಾದವು. ಅದರ ಮುಂದಿನ ಕೋಣೆಯಲ್ಲಿ, ಮಾವನವರು ತಕ್ಕಡಿ ಇಟ್ಟುಕೊಂಡು ಕೂರುತ್ತಿದ್ದ ಜಾಗದಲ್ಲಿ, ನಾನು ಮನೆಗೂ ಕೈತೋಟಕ್ಕೂ ಬೇಕಾದ ಅಲಂಕಾರದ ಸಾಮಾನಿನ ಅಂಗಡಿ ತೆರೆದೆ. ಎರಡು ಸಲ ಸುಣ್ಣ ಬಳಿಸಿದರೂ ಗೋಡೆಯಿಂದ ಶೇಂಗಾ ಎಣ್ಣೆಯ ವಾಸನೆ ಹೋಗಿಲ್ಲ. ಹೂದಾನಿ ಕೊಳ್ಳಲು ಬಂದವರು ಮೂಗು ಅರಳಿಸಿ, ಒಳಗೆ ಯಾರೋ ಬೋಂಡ ಕರೀತಿದಾರಾ ಎಂದು ಕೇಳುತ್ತಾರೆ. ಮೊದಮೊದಲು ನಗುತ್ತಿದ್ದೆ. ಈಗ, ಹೌದು, ಕೂತಿರಿ, ಬರುತ್ತೆ ಎನ್ನುತ್ತೇನೆ.

ಅಂಗಡಿಯನ್ನು ಕೈಹಿಡಿದದ್ದು ಲ್ಯಾಂಪುಗಳು. ಟೇಬಲ್ ಲ್ಯಾಂಪು ಎಂದರೆ ಪರೀಕ್ಷೆಗೆ ಓದುವವರ ಮೇಜಿನ ಮೇಲೆ ಕತ್ತು ಬಗ್ಗಿಸಿ ನಿಂತ ತಗಡಿನದು ಎಂದುಕೊಂಡಿದ್ದ ಊರಿಗೆ ನಾನು ತರಿಸಿದ್ದು ಬೇರೆ ಜಾತಿಯದು. ಅಣಬೆಯಂಥ ತಲೆ, ಹಿತ್ತಾಳೆ ಬಣ್ಣದ ತೆಳ್ಳನೆಯ ಕಾಲು, ವೈರಿನ ಗೊಡವೆಯಿಲ್ಲ. ಮೊಬೈಲಿನ ಹಾಗೆ ಚಾರ್ಜು ಮಾಡಿ ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು. ತಲೆ ಮುಟ್ಟಿದರೆ ಹತ್ತುತ್ತದೆ, ಒತ್ತಿ ಹಿಡಿದರೆ ಬೆಳಕು ಸಣ್ಣಗಾಗುತ್ತಾ ಹೋಗುತ್ತದೆ. ವರವು ಕಾವಲ್ ಕಡೆಯ ಹುಲ್ಲುಗಾವಲಿಗೆ ಸರ್ಕಾರಿ ಸಂಸ್ಥೆಗಳ ಬೇಲಿ ಬಿದ್ದ ಮೇಲೆ ಅಲ್ಲಿಯ ಕೆಲಸಕ್ಕೆಂದು ನಮ್ಮೂರಿಗೆ ಬಂದ ಹೊಸಬರು ಹುಲ್ಲುಹಾಸಿನ ಮೇಲೆ ಇಟ್ಟುಕೊಂಡು ಊಟ ಮಾಡಲು ಒಯ್ದರು. ಪಕ್ಕದ ಹಳ್ಳಿ ನನ್ನಿವಾಳದ ಯಜಮಾನರೊಬ್ಬರು ಎರಡು ಕೊಂಡು, ಒಂದನ್ನು ಕಣದ ಮನೆಯಲ್ಲೂ ಇನ್ನೊಂದನ್ನು ದೇವರ ಗೂಡಿನಲ್ಲೂ ಇಟ್ಟರು. ಸಂಜೆ ನಾನು ಅಂಗಡಿಯಲ್ಲಿ ಮೊದಲ ಲ್ಯಾಂಪನ್ನು ಮುಟ್ಟಿ ಹೊತ್ತಿಸಿದರೆ, ಅಲ್ಲಿ ನಿಂತ ಗಿರಾಕಿಗಳು ಅದರತ್ತ ಎರಡೂ ಅಂಗೈ ಚಾಚಿ, ಕಣ್ಣಿಗೆ ಒತ್ತಿಕೊಂಡು, ಆಮೇಲೆ ವ್ಯವಹಾರ ಮುಂದುವರಿಸುತ್ತಾರೆ. ಎಣ್ಣೆ ಇಲ್ಲ, ಬತ್ತಿ ಇಲ್ಲ, ಕೈಗೆ ತಾಗುವಷ್ಟು ಬಿಸಿಯೂ ಇಲ್ಲ. ಆದರೂ ದೀಪ ಹತ್ತಿತೆಂದರೆ ಕೈ ತಾನಾಗಿ ಏಳುತ್ತದೆ. ನನ್ನದೂ ಏಳುತ್ತದೆ.

ಆ ಸೀರೆ ನೇಯ್ದವಳು ಮೊಳಕಾಲ್ಮೂರಿನ ಅಕ್ಕ, ನನಗೆ ಒಡಹುಟ್ಟಿದವಳಲ್ಲ. ನನ್ನ ಮದುವೆಯ ಸೀರೆ ನೇಯ್ದವರು ಅವಳ ಅತ್ತೆ. ಅದನ್ನು ತರಲು ಅವ್ವನ ಜೊತೆ ಹೋದಾಗ, ಆ ಮನೆಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ಅವಳು ನನಗೆ ಮಂಡಕ್ಕಿ ತಂದುಕೊಟ್ಟಿದ್ದಳು. ಅಂದಿನಿಂದ ಅವಳು ಅಕ್ಕ, ನಾನು ತಂಗಿ. ನಮ್ಮ ಮನೆಯ ಒಂದೊಂದು ಶುಭಕ್ಕೂ ಸೀರೆ ಅಲ್ಲಿಂದಲೇ. ಅವರ ನಡುಮನೆಯೇ ಒಂದು ಉದ್ದನೆಯ ಕೋಣೆ, ಅದರಲ್ಲಿ ಎರಡು ಗುಂಡಿ ಮಗ್ಗ. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಅವಳ ಗಂಡ. ನಾನು ಅವರನ್ನು ಭಾವನವರೇ ಎನ್ನುತ್ತೇನೆ. ಗಂಡ ಹೆಂಡತಿ ತಮ್ಮತಮ್ಮಲ್ಲಿ ತೆಲುಗು ಆಡುತ್ತಾರೆ, ನನ್ನೊಡನೆ ಕನ್ನಡ. ಬಿಸಿಲಿಗೆ ರೇಷ್ಮೆಯ ಬಣ್ಣ ಕೆಡುತ್ತದೆಂದು ಕೋಣೆಯ ಕಿಟಕಿಯನ್ನು ಕೈಯಗಲ ಮಾತ್ರ ಬಿಟ್ಟಿದ್ದರು. ಸಂಜೆಯಾದರೆ ಕರೆಂಟು ಬಂದರೆ ಬಂತು, ಹೋದರೆ ಹೋಯಿತು.

ಅಕ್ಕನಿಗೆ ಲ್ಯಾಂಪು ಕೊಟ್ಟದ್ದು ಒಂದು ಆಷಾಢದಲ್ಲಿ. ಆ ದಿನ ಗಾಳಿ ಎಂಥದ್ದೆಂದರೆ ಕಾರಿನ ಬಾಗಿಲು ತೆಗೆಯಲು ಎರಡು ಕೈ ಬೇಕಾಯಿತು. ಒಳಗೆ ಕರೆಂಟು ಹೋಗಿತ್ತು. ಮಗ್ಗದ ಪಕ್ಕದ ಮಣೆಯ ಮೇಲೆ ಲ್ಯಾಂಪು ಇಟ್ಟು ಮುಟ್ಟಿದೆ. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳೆಲ್ಲ ಒಮ್ಮೆಗೇ ಮಿರುಗಿದವು. ಅಕ್ಕ ಅಂಗೈ ಚಾಚಿ ಕಣ್ಣಿಗೆ ಒತ್ತಿಕೊಂಡಳು. ಎಣ್ಣೆ ಮಿಲ್ಲಿನವರು ಎಣ್ಣೆ ಇಲ್ಲದ ದೀಪ ತಂದಿದ್ದಾರೆ, ಇನ್ನು ಕಲಿಗಾಲ ಮುಗಿಯಿತು ಎಂದು ಭಾವನವರು ತಮಾಷೆ ಮಾಡಿದರು. ನಾನು ನಗುತ್ತಲೇ ಅದನ್ನು ಸಣ್ಣಗೆ ಮಾಡುವುದು, ದೊಡ್ಡದು ಮಾಡುವುದು ಎಲ್ಲ ಹೇಳಿಕೊಟ್ಟೆ. ಒತ್ತಿ ಹಿಡಿದರೆ ಬೆಳಕು ಕುಗ್ಗುವುದನ್ನು ಅಕ್ಕ ನಾಲ್ಕೈದು ಸಲ ಮಾಡಿ ನೋಡಿದಳು. ಕಡೆಯ ಸಲ ಪೂರಾ ಸಣ್ಣಗೆ ಮಾಡಿ ಬಿಟ್ಟು, ಇದೇ ಚೆನ್ನಾಗಿದೆ, ಜೋರು ಮಾಡಿದರೆ ಕಣ್ಣಿಗೆ ಚುಚ್ಚುತ್ತೆ ಎಂದಳು.

ಶ್ರಾವಣದಲ್ಲಿ ಮತ್ತೆ ಹೋದೆ. ಕೂತ ತಕ್ಷಣ ಅವಳು ಲ್ಯಾಂಪಿನ ಸುದ್ದಿ ಎತ್ತಿದಳು.

"ತಂಗೀ, ನಿನ್ನ ದೀಪದ ಸುತ್ತ ಬಣ್ಣದ ಬಳೆ ಬರ್ತೈತಲ್ಲ, ಅದ್ನ ಹೆಂಗೆ ಮಾಡ್ತಾರೆ?"

ನನಗೆ ಯಾವ ಬಳೆಯೂ ಗೊತ್ತಿರಲಿಲ್ಲ. ಆದರೆ ನಾನು ಅಂಗಡಿಯವಳು. ನನ್ನ ಸಾಮಾನಿನ ಬಗ್ಗೆ ಗಿರಾಕಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲ ಎಂದರೆ ಮಾನ ಹೋದಂತೆ. ಗೊತ್ತಿಲ್ಲ ಎಂಬ ಮಾತು ನನ್ನ ನಾಲಿಗೆಗೆ ಹುಟ್ಟಿನಿಂದಲೇ ಬಂದಿಲ್ಲ ಎಂದು ನನ್ನ ಗಂಡ ಆಡಿಕೊಳ್ಳುವುದುಂಟು.

"ಅದಕ್ಕೇ ಅದನ್ನ ಡಿಸೈನರ್ ಲ್ಯಾಂಪು ಅನ್ನೋದು ಅಕ್ಕ. ಗಾಜಿನ ಒಳಗೇ ಐತೆ ಬಳೆ," ಎಂದೆ.

ಇದೇ ಆ ಮಾತು. ಒಂದು ಉಸಿರಿನಲ್ಲಿ ಆಡಿ ಮುಗಿಸಿದ್ದೆ. ಅಕ್ಕ ಹೂಂ ಎಂದು ತಲೆಯಾಡಿಸಿ, ಒಳಗೆ ನೀಲಿ, ಆಮೇಲೆ ಹಸಿರು, ಹೊರಗೆ ಕೆಂಪು, ಎಷ್ಟು ನಾಜೂಕಾಗಿ ಕೂರಿಸಿದ್ದಾರೆ ಎಂದು ಹೊಗಳಿದಳು. ನಾನು ಆ ಹೊಗಳಿಕೆಯನ್ನೂ ಸ್ವೀಕರಿಸಿದೆ. ಊರಿಗೆ ಬಂದ ಮೇಲೆ ಅಂಗಡಿಯ ಬಾಗಿಲು ಹಾಕಿ, ಅದೇ ತರಹದ ಲ್ಯಾಂಪನ್ನು ಸಣ್ಣಗೆ ಮಾಡಿ, ಎದುರು ಕೂತು ನೋಡಿದೆ. ಬರಿ ಬೆಳಕು. ಕಣ್ಣು ಕಿರಿದು ಮಾಡಿ ನೋಡಿದೆ, ಹಿಂದೆ ಸರಿದು ನೋಡಿದೆ. ಬಳೆಯಿಲ್ಲ, ಬಣ್ಣವಿಲ್ಲ. ಅವಳಿಗೆ ಕೊಟ್ಟ ಲ್ಯಾಂಪಿನ ಗಾಜೇ ಬೇರೆ ಇರಬೇಕು ಎಂದುಕೊಂಡೆ. ಇನ್ನೂ ಏನೋ ಒಂದು ಅಳುಕು ಉಳಿದಿತ್ತು. ಆದರೆ ಬೆಳಿಗ್ಗೆ ಪಾರ್ಸಲ್ ಬಂತು, ಒಡೆದ ಎರಡು ಹೂಕುಂಡಗಳಿಗಾಗಿ ಲಾರಿಯವನ ಜೊತೆ ಜಗಳವಾಯಿತು, ಅಳುಕು ಮರೆತುಹೋಯಿತು.

ಭಾದ್ರಪದದಲ್ಲಿ ಅಕ್ಕ ಫೋನು ಮಾಡಿ ಬಂದು ನೋಡು ಎಂದಳು. ಹೋದೆ. ಮಗ್ಗದ ಮೇಲೆ ಕಪ್ಪು ರೇಷ್ಮೆ ಇತ್ತು, ಇದ್ದಲಿನ ಕಪ್ಪಲ್ಲ, ಮೋಡ ಮುಚ್ಚಿದ ಸಂಜೆಯ ಕಪ್ಪು. ಅದರ ಮೇಲೆ ಅಲ್ಲೊಂದು ಇಲ್ಲೊಂದು ಬಳೆ. ನಡುವೆ ಒಂದು ಹಳದಿ ಚುಕ್ಕೆ, ಸುತ್ತ ಸ್ವಲ್ಪ ಕತ್ತಲೆ ಬಿಟ್ಟು ನೀಲಿ, ನೀಲಿಯ ಹೊರಗೆ ತೆಳುವಾಗಿ ಹಸಿರು, ಅದರಾಚೆ ಕೆಂಪು. ಮಗ್ಗದ ಮೇಲಿನ ಯಂತ್ರಕ್ಕೆ ತೂತು ಕೊರೆದ ಪಟ್ಟಿ ಹಾಕಿ ತೆಗೆದ ವಿನ್ಯಾಸವಲ್ಲ ಅದು, ಬಣ್ಣದ ಎಳೆಗಳನ್ನು ಬೆರಳಿನಲ್ಲೇ ಒಂದೊಂದಾಗಿ ಸೇರಿಸಿ ಕೂರಿಸಿದ್ದು. ತಲೆಮಾರುಗಳಿಂದ ನವಿಲು, ಮಾವು, ಗೋಪುರ ನೇಯುತ್ತಿದ್ದ ಮನೆಯಲ್ಲಿ ಇಂಥದ್ದು ಎಂದೂ ಹುಟ್ಟಿರಲಿಲ್ಲ. ಅಂಚನ್ನು ಎರಡು ಕೈಯಲ್ಲಿ ಹಿಡಿದು ಭೇಷ್ ಎಂದೆ.

ಅವಳು ಹೇಗೆ ನೇಯುತ್ತಾಳೆಂದು ತೋರಿಸಿದಳು. ಸೂರ್ಯ ಮುಳುಗುವ ಹೊತ್ತಿಗೆ ಬಾಗಿಲು ಹಾಕಿ, ಕಿಟಕಿಗೆ ಗೋಣಿ ಬಿಟ್ಟು, ಲ್ಯಾಂಪನ್ನು ಪೂರಾ ಸಣ್ಣಗೆ ಮಾಡಿ ಎದುರಿಗೆ ಇಟ್ಟುಕೊಳ್ಳುತ್ತಾಳೆ. ಮೊದಲು ಬಳೆ ಕಾಣುವುದಿಲ್ಲ. ಅರ್ಧ ತಾಸು ಕತ್ತಲಲ್ಲಿ ಬಗ್ಗಿ ಕೆಲಸ ಮಾಡಿದ ಮೇಲೆ ತಲೆಯೆತ್ತಿ ನೋಡಿದರೆ ಬಂದಿರುತ್ತದೆ. ನಡುಮನೆಯ ಬಲ್ಬು ಹಾಕಿ, ಅದರ ಬೆಳಕಿನಲ್ಲಿ ಸ್ವಲ್ಪ ಹೊತ್ತು ಕೂತರೆ ಹೊರಟುಹೋಗುತ್ತದೆ. ಅದಕ್ಕೇ ನಾನು ಬಲ್ಬು ಹಾಕಲು ಇವರನ್ನು ಬಿಡುವುದಿಲ್ಲ ಎಂದು ಗಂಡನ ಕಡೆ ಕೈ ತೋರಿಸಿದಳು. ಕತ್ತಲಲ್ಲಿ ಕೂತು ಕೂತು ನಾನು ಗೂಬೆಯಾಗಿದ್ದೇನೆ ಎಂದು ಭಾವನವರು ಗೊಣಗಿದರು.

ಅಂದು ನಾನೂ ಅವಳ ಪಕ್ಕ ಕೂತು ಕಾದೆ. ಹೊರಗೆ ಬೇರೆ ಮನೆಗಳ ಮಗ್ಗದ ಸದ್ದು ಒಂದೊಂದಾಗಿ ನಿಲ್ಲುತ್ತಿತ್ತು. ಕೋಣೆಯಲ್ಲಿ ಅವಳ ಲಾಳಿಯ ಸದ್ದು ಮಾತ್ರ. ನಿಂತಿತು. ಅವಳು ಮುಖ ಎತ್ತಿದಳು.

"ಬಂತು ನೋಡು."

ನಾನು ನೋಡಿದೆ. ನನಗೆ ಕಂಡದ್ದು ಅಣಬೆಯ ತಲೆಯಂಥ ಒಂದು ಗಾಜು, ಅದರೊಳಗೆ ಮಂಕು ಬೆಳಕು. ಅವಳ ಮುಖದಲ್ಲಿದ್ದ ಸಂತೋಷ ಕಂಡು ಇಲ್ಲ ಎನ್ನಲು ಮನಸ್ಸಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಗಾಜಿನೊಳಗೇ ಇದೆ ಎಂದು ಹೇಳಿದವಳು ನಾನೇ. ನಿನ್ನ ಕಣ್ಣು ಕುಶಲಗಾರ್ತಿಯದು, ನನ್ನದು ಅಂಗಡಿಯದು, ನನಗೆ ನಿನ್ನಷ್ಟು ಚೆನ್ನಾಗಿ ಕಾಣುವುದಿಲ್ಲ ಎಂದು ನಕ್ಕುಬಿಟ್ಟೆ. ಅವಳೂ ನಕ್ಕಳು. ಆಮೇಲೆ ಲ್ಯಾಂಪಿನತ್ತ ಅಂಗೈ ಚಾಚಿ ಕಣ್ಣಿಗೆ ಒತ್ತಿಕೊಂಡು ಹಾಗೇ ಕೂತಳು. ನಾವು ಒತ್ತಿಕೊಳ್ಳುವುದು ಒಂದು ಕ್ಷಣ. ಅವಳು ಅಂಗೈಯ ಬುಡದಿಂದ ಕಣ್ಣುಗುಡ್ಡೆಯನ್ನೇ ಅದುಮಿ ಹಿಡಿದಿದ್ದಳು, ನಾನು ಕೂತಲ್ಲಿಂದ ಎದ್ದು ನೀರು ಕುಡಿದು ಬರುವವರೆಗೂ. ಎಂಥ ಭಕ್ತಿ ಇವಳದು ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ, ಸ್ವಲ್ಪ ನಾಚಿಕೆಯೂ ಆಯಿತು ನನ್ನ ಅವಸರದ ನಮಸ್ಕಾರ ನೆನೆದು.

ಹೊರಡುವಾಗ ಬೀದಿದೀಪದ ಬೆಳಕಿನಲ್ಲಿ ನೋಡಿದರೆ ಅವಳ ಹಣೆಯ ಬಲಭಾಗದಲ್ಲಿ, ಹುಬ್ಬಿನ ಮೇಲೆ ಮಾತ್ರ, ಏನೋ ಒಣಗಿ ಸಿಪ್ಪೆ ಎದ್ದಿತ್ತು. ಕೇಳಿದೆ. ಶುಂಠಿ ತೇದು ಹಚ್ಚಿದ್ದಂತೆ, ಸಂಜೆ ಹೊತ್ತು ಆ ಪಕ್ಕ ತಲೆ ಸಿಡಿಯುತ್ತದಂತೆ, ಮಲಗಿ ಎದ್ದರೆ ಹೋಗುತ್ತದಂತೆ. ಮೆಣಸು ಸೇರಿಸಿ ತೇದು ಹಚ್ಚು, ಬೇಗ ಇಳಿಯುತ್ತೆ ಎಂದೆ. ನನಗೆ ಎಲ್ಲದಕ್ಕೂ ಒಂದು ಮದ್ದು ಗೊತ್ತು.

ಮಹಾನವಮಿಯ ಹೊತ್ತಿಗೆ ಸೀರೆ ಕೈಗೆ ಬಂತು. ಅಂಗಡಿಯ ಗೋಡೆಗೆ ಉದ್ದಕ್ಕೆ ಇಳಿಬಿಟ್ಟು, ಕೆಳಗೆ ಸಾಲಾಗಿ ಲ್ಯಾಂಪು ಇಟ್ಟೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡುವ ಹಾಗಿತ್ತು. ಲ್ಯಾಂಪುಗಳು ಹೋದವು, ಅದಕ್ಕಿಂತ ಜೋರಾಗಿ ಸೀರೆಗೆ ಬೇಡಿಕೆ ಬಂತು. ಅದು ಮಾರಾಟಕ್ಕಲ್ಲ, ನೇಯಿಸಿಕೊಡುತ್ತೇನೆ ಎಂದು ನಾಲ್ಕು ಜನರಿಗೆ ಮಾತು ಕೊಟ್ಟೆ. ಅಕ್ಕನಿಗೆ ಫೋನು ಮಾಡಿ, ಇಂಥವೇ ಇನ್ನೂ ನಾಲ್ಕು ನೇಯಿ, ಬಳೆಯ ಬಣ್ಣ ಮೊದಲಿನದಕ್ಕಿಂತ ಇನ್ನೂ ಎದ್ದು ಕಾಣಲಿ ಎಂದೂ ಹೇಳಿದೆ. ಆಗಲಿ, ಈಗೀಗ ಅದು ತಾನೇ ದಪ್ಪಗೆ ಕಾಣುತ್ತಿದೆ, ಬೇಗನೂ ಬರುತ್ತೆ ಎಂದಳು. ನನಗೆ ಖುಷಿಯಾಯಿತು.

ಕಾರ್ತಿಕದಲ್ಲಿ ಅವಳು ಬೇರೆ ದೂರು ತಂದಳು. ಲ್ಯಾಂಪು ಮಂಕಾಗಿದೆಯಂತೆ. ಚಾರ್ಜು ಪೂರಾ ಮಾಡಿದರೂ ಬೆಳಕಿಗೆ ಕಸುವಿಲ್ಲವಂತೆ, ಮಂಜಿನಲ್ಲಿ ಇಟ್ಟ ಹಾಗಿದೆಯಂತೆ. ಬ್ಯಾಟರಿ ಹೋಗಿರಬೇಕು ಎಂದು ಹೊಸದೊಂದನ್ನು ಮೊಳಕಾಲ್ಮೂರಿನ ಬಸ್ಸಿನವರ ಕೈಯಲ್ಲಿ ಕಳಿಸಿ, ಹಳೆಯದನ್ನು ತರಿಸಿಕೊಂಡೆ. ಅಂಗಡಿಯಲ್ಲಿ ಹೊತ್ತಿಸಿದರೆ ಹಳೆಯದು ಹೊಸದರಂತೆಯೇ ಉರಿಯಿತು. ಎರಡು ದಿನ ಬಿಡದೆ ಉರಿಸಿದೆ. ಏನೂ ಆಗಿರಲಿಲ್ಲ. ಇಪ್ಪತ್ತು ದಿನಕ್ಕೆ ಹೊಸದೂ ಮಂಕಾಯಿತೆಂದು ಫೋನು ಬಂತು. ನಾನು ಲ್ಯಾಂಪು ಮಾಡುವ ಕಂಪನಿಯವರಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವರು ಮೂರನೆಯದನ್ನು ಕಳಿಸಿದರು. ಅದನ್ನೂ ಬಸ್ಸಿಗೆ ಹಾಕಿದೆ.

ಆ ದಿನಗಳಲ್ಲಿ ಒಮ್ಮೆ ಭಾವನವರು ತಾವಾಗಿ ಫೋನು ಮಾಡಿದರು. ಅವರು ಹಾಗೆ ಮಾಡುವವರಲ್ಲ. ಇವಳು ಬಾಗಿಲ ಚೌಕಟ್ಟಿಗೆ ಬಲಭುಜ ತಾಗಿಸಿಕೊಳ್ಳುತ್ತಾಳೆ, ಅನ್ನ ಬಡಿಸುವಾಗ ತಟ್ಟೆಯ ಆಚೆ ಹಾಕುತ್ತಾಳೆ, ಸೀರೆಯ ಬಲಗಡೆಯ ಅಂಚಿನಲ್ಲಿ ಎಳೆ ಬಿಟ್ಟುಹೋಗುತ್ತಿದೆ, ಅವಳ ಕೈಯಲ್ಲಿ ಎಂದೂ ಹಾಗಾಗಿರಲಿಲ್ಲ ಎಂದರು. ಸೀರೆಯನ್ನು ಅಷ್ಟು ಜನ ನೋಡಿ ಹೊಗಳಿದ್ದಾರಲ್ಲ, ಯಾರದೋ ಕಣ್ಣು ತಾಗಿದೆ, ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದ್ದೇನೆ ಎಂದೂ ಹೇಳಿದರು. ನಾನು ಅದಕ್ಕೂ ಹೂಂಗುಟ್ಟಿ, ಗೋಡೆಯ ಸೀರೆಯ ತುದಿಗೆ ಒಂದು ಕಪ್ಪು ದಾರ ಕಟ್ಟಿದೆ. ಮಾಡಬೇಕಾದ್ದನ್ನು ಮಾಡಿದ ಸಮಾಧಾನವಾಯಿತು. ಡಾಕ್ಟರಿಗೆ ತೋರಿಸಿ ಎಂಬ ಎರಡು ಪದ ನನ್ನ ತಲೆಗೇ ಬರಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ.

ಪುಷ್ಯದ ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬ ಹೆಂಗಸು ಬಂದರು. ನಲವತ್ತರ ಆಸುಪಾಸು, ಹತ್ತಿ ಸೀರೆ, ಕೈಯಲ್ಲಿ ಕಾರಿನ ಕೀಲಿ. ತಂಗಿಯ ಗೃಹಪ್ರವೇಶಕ್ಕೆ ಕೈತೋಟದಲ್ಲಿ ಇಡುವಂಥ ಲ್ಯಾಂಪು ಬೇಕಿತ್ತು. ನಾನು ಒಂದನ್ನು ಹೊತ್ತಿಸಿ, ನನ್ನ ಮಾಮೂಲು ಮಾತು ಶುರು ಮಾಡಿದೆ. ಅವರು ಲ್ಯಾಂಪು ನೋಡುತ್ತಿರಲಿಲ್ಲ. ಗೋಡೆಯ ಸೀರೆಯ ಹತ್ತಿರ ಹೋಗಿ, ಒಂದು ಬಳೆಯ ಮೇಲೆ ಬೆರಳು ಇಟ್ಟು, ಒಳಗಿನಿಂದ ಹೊರಗೆ ನಿಧಾನಕ್ಕೆ ಸರಿಸಿದರು. ಇನ್ನೊಂದು ಬಳೆಯ ಮೇಲೂ ಹಾಗೇ ಮಾಡಿದರು. ಎಲ್ಲರೂ ಸೀರೆ ಮುಟ್ಟುತ್ತಾರೆ, ಹೀಗೆ ಯಾರೂ ಮುಟ್ಟಿರಲಿಲ್ಲ.

"ಈ ಡಿಸೈನ್ ಯಾರಾದ್ರೂ ಬರೆದು ಕೊಟ್ಟಿದ್ದಾ, ನೇಯ್ದವರೇ ನೋಡಿ ನೇಯ್ದಿದ್ದಾ?"

ನೋಡಿ ನೇಯ್ದದ್ದು, ಈ ಲ್ಯಾಂಪನ್ನೇ ನೋಡಿ ನೇಯ್ದದ್ದು ಎಂದು ನಾನು ಹೆಮ್ಮೆಯಿಂದ ಹೇಳಿದೆ.

"ಅವರಿಗೆ ಒಂದು ಪಕ್ಕ ತಲೆನೋವು ಬರುತ್ತಾ? ಸಂಜೆ ಹೊತ್ತು?"

ನನ್ನ ಕೈ ಲ್ಯಾಂಪಿನ ತಲೆಯ ಮೇಲಿತ್ತು. ತೆಗೆಯಲು ಮರೆತೆ, ಬೆಳಕು ಸಣ್ಣಗಾಗುತ್ತಾ ಹೋಯಿತು. ಅವರು ಕಣ್ಣಿನ ಡಾಕ್ಟರೆಂದು ಆಮೇಲೆ ಹೇಳಿದರು. ಕಣ್ಣಿನೊಳಗೆ ಹುಟ್ಟುವ ನೀರು ಹೊರಗೆ ಹೋಗಲು ಒಂದು ಸಣ್ಣ ದಾರಿ ಇರುತ್ತದಂತೆ. ಕೆಲವರಿಗೆ ಅದು ಹುಟ್ಟಿನಿಂದಲೇ ಇಕ್ಕಟ್ಟು. ಕತ್ತಲಲ್ಲಿ ಕೂತಾಗ ಪೂರಾ ಮುಚ್ಚಿಕೊಳ್ಳುತ್ತದೆ, ಒಳಗೆ ಒತ್ತಡ ಏರುತ್ತದೆ, ಆಗ ದೀಪದ ಸುತ್ತ ಬಳೆ ಕಾಣುತ್ತದೆ. ಒಳಗೆ ನೀಲಿ, ಹೊರಗೆ ಕೆಂಪು. ಕಾಣದವರಿಗೆ ಈ ಕ್ರಮ ಗೊತ್ತಿರುವುದಿಲ್ಲ, ಕಂಡವರು ತಪ್ಪುವುದಿಲ್ಲ ಎಂದರು. ಪ್ರತಿ ಸಲ ಬಳೆ ಬಂದು ಹೋದಾಗಲೂ ಕಣ್ಣಿನ ನರ ಒಂದಿಷ್ಟು ಸಾಯುತ್ತದೆ, ಸತ್ತದ್ದು ತಿರುಗಿ ಬರುವುದಿಲ್ಲ ಎಂದರು. ಎಷ್ಟು ದಿನದಿಂದ ಕಾಣುತ್ತಿದೆ ಎಂದು ಕೇಳಿದರು. ಶ್ರಾವಣದಿಂದ ಎಂದೆ. ಇವತ್ತೇ ಕರೆದುಕೊಂಡು ಹೋಗಿ, ನಾಳೆ ಬೇಡ ಎಂದು ಮಾತ್ರ ಹೇಳಿ, ಲ್ಯಾಂಪು ಕೊಳ್ಳದೆ ಹೊರಟುಹೋದರು.

ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಅಂಗಡಿಯ ಷಟರ್ ಎಳೆದು ಕಾರು ಹತ್ತಿದೆ. ಗೌರಸಮುದ್ರದ ಕಡೆ ತಿರುಗುವ ಜಾಗದಲ್ಲಿ ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ಹಾರನ್ ಮೇಲಿಂದ ಕೈ ತೆಗೆಯದೆ ಕಿಟಕಿಯಿಂದ ತಲೆ ಹಾಕಿ ಕುರಿಗಾಹಿಗೆ ಬೈದೆ. ಆತ ಸುಮ್ಮನೆ ನನ್ನ ಮುಖ ನೋಡಿ, ಏನಾಗೈತವ್ವ ಎಂದು ಕೇಳಿದ. ಹಾರನ್ ಮೇಲಿಂದ ಕೈ ತೆಗೆದೆ. ಬಿಸಿಲು ಇಳಿಯುವುದರೊಳಗೆ ತಲುಪಬೇಕು, ಅವಳು ಬಾಗಿಲು ಹಾಕಿ ಲ್ಯಾಂಪು ಸಣ್ಣಗೆ ಮಾಡುವುದರೊಳಗೆ ತಲುಪಬೇಕು, ಇದೊಂದೇ ತಲೆಯಲ್ಲಿತ್ತು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಎಷ್ಟು ಓಡಿಸಿದರೂ ಅವು ಹತ್ತಿರ ಬಂದಂತೆ ಕಾಣಲಿಲ್ಲ.

ಅವರ ಓಣಿಗೆ ಕಾಲಿಟ್ಟಾಗ ಎಲ್ಲ ಮನೆಗಳಿಂದಲೂ ಮಗ್ಗದ ಸದ್ದು ಬರುತ್ತಿತ್ತು, ಅವರ ಮನೆಯೊಂದನ್ನು ಬಿಟ್ಟು. ಬಾಗಿಲು ಹಾಕಿತ್ತು. ತಳ್ಳಿದೆ. ಕಿಟಕಿಗೆ ಗೋಣಿ, ಒಳಗೆ ಕತ್ತಲೆ, ಮಗ್ಗದ ಪಕ್ಕದಲ್ಲಿ ಲ್ಯಾಂಪು ಪೂರಾ ಸಣ್ಣಗೆ ಉರಿಯುತ್ತಿತ್ತು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಚಾಪೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಬೂದಿ ಹಾಕಿದ ಬೋಗುಣಿ. ನಿನ್ನೆ ಸಂಜೆಯಿಂದ ತಲೆನೋವು, ರಾತ್ರಿಯೆಲ್ಲ ವಾಂತಿ, ಪಿತ್ತ ಕೆದರಿದೆ ಎಂದು ಭಾವನವರು ಹೇಳಿದರು. ಬೆಳಕು ಕಂಡರೆ ಆಗುವುದಿಲ್ಲ ಎನ್ನುತ್ತಾಳೆ, ಅದಕ್ಕೇ ಕತ್ತಲೆ ಮಾಡಿದ್ದೇನೆ ಎಂದರು. ಅವಳ ನೋವು ಕಡಿಮೆಯಾಗಲೆಂದೇ ಮಾಡಿದ ಕತ್ತಲೆ ಅದು. ನಾನು ಗೋಣಿ ಕಿತ್ತು ಹಾಕಿದೆ. ಬಿದ್ದ ಬೆಳಕಿಗೆ ಅವಳು ಮುಖ ತಿರುಗಿಸಿದಳು. ಬಲಗಣ್ಣು ಕೆಂಡದ ಹಾಗಿತ್ತು. ಯಾರು ಬಂದದ್ದು ಎಂದು ನನ್ನ ಕಡೆಗೇ ನೋಡುತ್ತಾ ಗಂಡನನ್ನು ಕೇಳಿದಳು.

ಹತ್ತಿರದ ದೊಡ್ಡ ಊರೆಂದು ಬಳ್ಳಾರಿಗೆ ಓಡಿಸಿದೆ. ದಾರಿಯುದ್ದಕ್ಕೂ ಎದುರಿನಿಂದ ಬರುವ ಲಾರಿಗಳು ಒಂದೊಂದಾಗಿ ದೀಪ ಹಾಕತೊಡಗಿದ್ದವು. ಹಿಂದಿನ ಸೀಟಿನಲ್ಲಿ ಗಂಡನ ತೊಡೆಯ ಮೇಲೆ ತಲೆಯಿಟ್ಟಿದ್ದ ಅಕ್ಕ ಪ್ರತಿ ದೀಪಕ್ಕೂ, ಬಳೆ, ಬಳೆ ಎನ್ನುತ್ತಿದ್ದಳು. ಆ ದಾರಿಯಲ್ಲಿ ನಾನು ಎಷ್ಟು ಹೆದರಿದ್ದೆನೆಂದರೆ, ಇವತ್ತಿಗೂ ಸಂಜೆಯ ಹೊತ್ತು ಎದುರಿಗೆ ಲಾರಿ ಬಂದರೆ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿಬಿಡುತ್ತೇನೆ.

ಆಸ್ಪತ್ರೆಯಲ್ಲಿ ಹನಿ ಹಾಕಿದರು, ಸೂಜಿ ಕೊಟ್ಟರು, ಒತ್ತಡ ಇಳಿಸಿದರು. ಎರಡು ದಿನ ಬಿಟ್ಟು ಎರಡೂ ಕಣ್ಣಿಗೆ ಲೇಸರ್ ಬಿಟ್ಟು ನೀರಿಗೆ ಬೇರೆ ದಾರಿ ಮಾಡಿದರು. ಬಲಗಣ್ಣಿನಲ್ಲಿ ಇನ್ನು ನೆರಳು ಮಾತ್ರ, ಎಡಗಣ್ಣಿನಲ್ಲಿ ನಡುವಿನ ಒಂದಿಷ್ಟು ಮಂಕು ನೋಟ ಉಳಿದಿದೆ, ಹನಿ ತಪ್ಪಿಸದಿದ್ದರೆ ಅದನ್ನು ಉಳಿಸಿಕೊಳ್ಳಬಹುದು ಎಂದರು. ಏಮಂಟಾರು, ಏನಂತಾರೆ ಎಂದು ಅಕ್ಕ ತೆಲುಗಿನಲ್ಲಿ ಗಂಡನನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಭಾವನವರು ಹೊರಗೆ ಹೋಗಿ ನಿಂತರು. ನೇಯಬಹುದಾ ಎಂದು ನಾನೇ ಕೇಳಿದೆ. ಕಣ್ಣಿಗೆ ಅಷ್ಟು ಸೂಕ್ಷ್ಮದ ಕೆಲಸ ಬೇಡ ಎಂದರು ಡಾಕ್ಟರು. ಇದು ದೀಪದಿಂದ ಬಂದ ರೋಗವಲ್ಲ, ಆದರೆ ಮೊದಲ ಸಲ ಬಳೆ ಕಂಡಾಗಲೇ ಬಂದಿದ್ದರೆ ಎರಡೂ ಕಣ್ಣು ಪೂರಾ ಉಳಿಯುತ್ತಿದ್ದವು ಎಂದೂ ಹೇಳಿದರು. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ.

ಊರಿಗೆ ಮರಳಿ, ಮಾತು ಕೊಟ್ಟಿದ್ದ ನಾಲ್ಕು ಮನೆಗಳಿಗೆ ಸೀರೆ ಇಲ್ಲ ಎಂದು ಹೇಳಿಬಂದೆ. ಕಾರಣ ಹೇಳಲಿಲ್ಲ. ಗೋಡೆಯ ಸೀರೆ ಇಳಿಸಿ ಮಡಚುವಾಗ ಗೊತ್ತಾಯಿತು, ಮೊದಲ ಮೊಳದ ಬಳೆಗಳು ತೆಳ್ಳಗಿವೆ, ಸೆರಗಿನ ಹತ್ತಿರದವು ದಪ್ಪಗಿವೆ. ಎಷ್ಟು ತಿಂಗಳು ಅದರ ಕೆಳಗೆ ಕೂತಿದ್ದೆ.

ಶಿವರಾತ್ರಿಗೆ ಮುಂಚೆ ಅಕ್ಕನನ್ನು ನೋಡಲು ಹೋದೆ. ಸಂಜೆಯಾಗುತ್ತಿತ್ತು. ಅವಳ ಮಗ್ಗಕ್ಕೆ ಬಟ್ಟೆ ಮುಚ್ಚಿತ್ತು, ಭಾವನವರು ತಮ್ಮ ಮಗ್ಗದಲ್ಲಿ ಸಾದಾ ಸೀರೆ ನೇಯುತ್ತಿದ್ದರು. ನಡುಮನೆಯ ಬಲ್ಬು ಹಗಲಿನಿಂದಲೇ ಉರಿಯುತ್ತಿತ್ತು. ಅಕ್ಕ ನನ್ನ ಕೈ ಹುಡುಕಿ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಈಗ ತಲೆನೋವಿಲ್ಲ, ಬಳೆಯೂ ಬರುವುದಿಲ್ಲ ಎಂದಳು. ಆಮೇಲೆ ಕೇಳಿದಳು.

"ಹಂಗಾದ್ರೆ ದೀಪದಾಗೆ ಬಳೆ ಇರ್ಲೇ ಇಲ್ವಾ?"

"ಇರ್ಲಿಲ್ಲ ಅಕ್ಕ."

"ನೀನು ಐತೆ ಅಂದಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಲೆಕ್ಕ ತಾಳೆಯಾಗದಿದ್ದಾಗ ಕೇಳುವ ಹಾಗೆ ಕೇಳಿದಳು. ಭಾವನವರ ಲಾಳಿ ನಿಂತಿತು. ನನಗೆ ಎಲ್ಲದಕ್ಕೂ ಉತ್ತರ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

"ನಂಗೆ ಗೊತ್ತಿರ್ಲಿಲ್ಲ ಅಕ್ಕ," ಎಂದೆ ಕಡೆಗೆ. ಅರ್ಧ ವರ್ಷ ತಡವಾಗಿ.

ಅವಳು ನನ್ನ ಕೈ ಬಿಡಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಾದ ಕೂಡಲೇ ನಾನು ಎದ್ದು, ಗೂಡಿನಲ್ಲಿದ್ದ ಮೂರನೆಯ ಲ್ಯಾಂಪನ್ನು ತಂದು ನಮ್ಮ ಮುಂದೆ ಇಟ್ಟು, ಮುಟ್ಟಿ, ಅದು ಎಷ್ಟು ಜೋರಾಗುತ್ತದೋ ಅಷ್ಟು ಜೋರು ಮಾಡಿದೆ. ದೀಪ ಹತ್ತಿತೆಂದು ಗೊತ್ತಾಗಿ ಅಕ್ಕ ಎರಡೂ ಅಂಗೈ ಚಾಚಿದಳು. ಲ್ಯಾಂಪು ಇದ್ದದ್ದು ಎದುರಿಗೆ, ಅವಳ ಕೈ ಹೋದದ್ದು ಒಂದು ಗೇಣು ಎಡಕ್ಕೆ. ಅಲ್ಲಿ ಏನೂ ಇಲ್ಲದ ಕಡೆ ಅಂಗೈ ಹಿಡಿದು ಅವಳು ಕ್ಷಣ ಹೊತ್ತು ಹಾಗೇ ಇದ್ದಳು.

ಅವಳು ಕೈ ಹಿಂದೆ ತೆಗೆದುಕೊಳ್ಳುವುದರೊಳಗೆ ನಾನು ಸದ್ದಾಗದಂತೆ ಲ್ಯಾಂಪನ್ನು ಎತ್ತಿ ಅವಳ ಅಂಗೈಗಳ ಕೆಳಗೆ ಇಟ್ಟೆ.